ಹೊರದೇಶದ ಸುದ್ದಿ ಅಂದ್ರೆ ನಮ್ಮವರ ಸುದ್ದಿ ಮಾತ್ರಾನಾ?

ಟಿಳಕವಾಡಿ ಓದುಗ:
2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾದಲ್ಲಿ ಎರಡು ಅಣೆಕಟ್ಟು ಒಡೆದು ಸಾವಿರಾರು ಜನ ಸತ್ತರು. ಆಗ ನಾನು ನೋಡಿದ ಚಾನೆಲ್‌ಗಳಲ್ಲಿ ದೆಹಲಿಯ ಜಿ20 ಮಾತೇ ಜಾಸ್ತಿ. ಭಾರತೀಯರು ಇಲ್ಲದಿದ್ದರೆ ಅದು ಸುದ್ದಿನೇ ಅಲ್ವಾ? ತುಂಬಾ ಬೇಜಾರಾಗುತ್ತದೆ.

ಶಹಾಪುರದವ:
ಎಲ್ಲ ದೇಶದಲ್ಲೂ ಇದೇ ಕಥೆ ಸರ್. ಅದೇ ವರ್ಷ ಜೂನ್‌ನಲ್ಲಿ ಗ್ರೀಸ್ ಹತ್ತಿರ ವಲಸಿಗರ ದೋಣಿ ಮುಳುಗಿ ನೂರಾರು ಜನ ಹೋದರು, ಅದರಲ್ಲಿ ಪಾಕಿಸ್ತಾನದ ಬಡ ಹುಡುಗರು ಎಷ್ಟೋ ಮಂದಿ. ಕೆಲವೇ ದಿನದಲ್ಲಿ ಟೈಟಾನಿಕ್ ನೋಡಲು ಹೋದ ಟೈಟನ್ ನೌಕೆ ಕಾಣೆಯಾಯಿತು. ಅದರಲ್ಲಿದ್ದ ಐದು ಜನರಿಗಾಗಿ ಪಾಶ್ಚಾತ್ಯ ಚಾನೆಲ್‌ಗಳು ಗಂಟೆಗಟ್ಟಲೆ ನೇರ ಪ್ರಸಾರ ಮಾಡಿದವು. ಹೊರಗೆ ವರದಿಗಾರರನ್ನು ಇಡಲು ದುಡ್ಡು ಬೇಕು. ಹಾಗಾಗಿ ನಮ್ಮವರು ರಾಯಿಟರ್ಸ್, ಎಪಿ, ಎಎಫ್‌ಪಿ ಅನ್ನೋ ಸುದ್ದಿ ಏಜೆನ್ಸಿಗಳು ಕೊಟ್ಟಿದ್ದನ್ನೇ ಹಾಕುತ್ತಾರೆ. ಮೂರರ ಮುಖ್ಯ ಕಚೇರಿಯೂ ಲಂಡನ್, ನ್ಯೂಯಾರ್ಕ್, ಪ್ಯಾರಿಸ್‌ನಲ್ಲಿ.

ಗಡಿಭಾಗದ ಅಕ್ಕ:
ಅಷ್ಟು ದೂರ ಯಾಕೆ? ನವೆಂಬರ್ 1 ಆದ ಮೇಲೆ ಬೆಳಗಾವಿಯ ಒಂದು ಕನ್ನಡ, ಒಂದು ಮರಾಠಿ ಪೇಪರ್ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಚನ್ನಮ್ಮ ವೃತ್ತದ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದರಲ್ಲಿ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಕರಾಳ ದಿನ. ಊರು ಒಂದೇ, ದಿನಾನೂ ಒಂದೇ.

ಟಿಳಕವಾಡಿ ಓದುಗ:
ದುಡ್ಡಿನ ಮಾತು ಒಪ್ಪುತ್ತೇನೆ ಅಣ್ಣಾ, ಆದರೆ ಏಜೆನ್ಸಿಯಿಂದ ಬಂದ ಡೆರ್ನಾದ ಸುದ್ದಿಯನ್ನು ಮೊದಲ ಪುಟಕ್ಕೆ ಹಾಕಲು ಏನು ಖರ್ಚು?

ಶಹಾಪುರದವ:
ಅದು ಸರಿ. ಅಲ್ ಜಝೀರಾ ಚಾನೆಲ್ಲೂ ನೋಡಿ, ಆದರೆ ಅದಕ್ಕೆ ಕತಾರ್ ಸರ್ಕಾರದ ದುಡ್ಡು ಬರುತ್ತದೆ, ಅದೂ ನೆನಪಿರಲಿ.