ವಿಷಯ: ‘ಡಾರ್ಕ್ ಕ್ರೈಂ ಥ್ರಿಲ್ಲರ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಬೆಳಿಗ್ಗೆ 11ರೊಳಗೆ ಬೇಕು

ಬೆಂಗಳೂರಿನಿಂದ, ಸೋಮವಾರ ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ಸಿನಿಮಾ, ಸರಣಿ ತೋರಿಸುವ ಆ್ಯಪ್ ಒಂದಕ್ಕೆ ಕನ್ನಡ ಪಟ್ಟಿ ಮಾಡಿಕೊಡುತ್ತಿದ್ದೇನೆ. ಒಂದು ಸಾಲಿನಲ್ಲಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕಡೆಯ ಏಳೆಂಟು ಸರಣಿಗಳಿವೆ. ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ ಗೋಳು. ಮಳೆ, ಇಲ್ಲವೇ ಹಿಮ. ಒಂದು ಹೆಣ. ಇಪ್ಪತ್ತು ವರ್ಷದ ಹಿಂದೆ ಊರವರೆಲ್ಲ ಸೇರಿ ಮುಚ್ಚಿಹಾಕಿದ ಒಂದು ಸಂಗತಿ. ಅದನ್ನು ಕೆದಕಲು ಬರುವ ಪೊಲೀಸಿಗೆ ತನ್ನ ಸಂಸಾರವೇ ಸರಿಯಿಲ್ಲ. ಎರಡು ಸರಣಿಗಳಲ್ಲಿ ಆ ಪೊಲೀಸ್ ಹೆಂಗಸು.

ಸಾಲಿನ ಇಂಗ್ಲಿಷ್ ಹೆಸರು ‘ಡಾರ್ಕ್ ಕ್ರೈಂ ಥ್ರಿಲ್ಲರ್ಸ್’. ಅದರ ಕೆಳಗೆ ಒಂದು ವಿವರಣೆ: ‘ಟ್ರಬಲ್ಡ್ ಡಿಟೆಕ್ಟಿವ್ಸ್, ಬರೀಡ್ ಸೀಕ್ರೆಟ್ಸ್’. ಯಂತ್ರ ಕೊಟ್ಟ ಅನುವಾದ ಹೀಗಿದೆ, ನಗಬೇಡಿ: ‘ಗಾಢ ಅಪರಾಧ ರೋಮಾಂಚಕಗಳು: ತೊಂದರೆಗೊಳಗಾದ ಪತ್ತೆದಾರರು ಮತ್ತು ಸಮಾಧಿ ರಹಸ್ಯಗಳು’.

ಹೆಸರು 14 ಅಕ್ಷರ ದಾಟಬಾರದು, ಫೋನಿನಲ್ಲಿ ಬಾಲ ಕತ್ತರಿಸಿಹೋಗುತ್ತದೆ. ಸದ್ಯಕ್ಕೆ ‘ಕರಾಳ ಪತ್ತೇದಾರಿ ಕಥೆಗಳು’ ಅಂತ ಇಟ್ಟಿದ್ದೇನೆ. ಸರಿ ಹೋಗುತ್ತಾ?

ಮೈಸೂರಿನಿಂದ, 8.35

‘ಕರಾಳ’ ಬೇಡ.

ನಮ್ಮ ಪತ್ರಿಕೆಗಳು ‘ಬ್ಲ್ಯಾಕ್ ಡೇ’ಯನ್ನು ‘ಕರಾಳ ದಿನ’ ಮಾಡಿದಾಗಿನಿಂದ ಈ ಪದಕ್ಕೆ ಗ್ರಹಚಾರ ಹಿಡಿದಿದೆ. ಕರಾಳದಲ್ಲಿ ಕಪ್ಪೂ ಇಲ್ಲ, ಕತ್ತಲೆಯೂ ಇಲ್ಲ. ‘ಕರಿ’, ‘ಕಾಳ’ ಎರಡರ ಸದ್ದೂ ಅದರಲ್ಲಿ ಕೇಳಿಸುತ್ತದೆ, ಅಷ್ಟೇ. ಸಂಸ್ಕೃತದಲ್ಲಿ ಅದಕ್ಕೆ ಬಾಯಿ ತೆರೆದ, ಹಲ್ಲು ಹೊರಚಾಚಿದ, ನೋಡಿದರೆ ಎದೆ ನಡುಗುವ ಅಂತ ಅರ್ಥ. ಗೀತೆಯ 11ನೇ ಅಧ್ಯಾಯ ತೆಗೆದು ನೋಡಿ: ‘ದಂಷ್ಟ್ರಾಕರಾಳಾನಿ ಚ ತೇ ಮುಖಾನಿ’. ಅರ್ಜುನ ಹೆದರಿದ್ದು ಕೋರೆಹಲ್ಲಿಗೆ, ಕತ್ತಲೆಗಲ್ಲ. ನಿಮ್ಮ ಡೆನ್ಮಾರ್ಕಿನ ಪೊಲೀಸಿಗೆ ಕೋರೆಹಲ್ಲು ಇದೆಯೇ?

ಬೇಕಾದ ಪದ ಇನ್ನೂ ಹೊಳೆದಿಲ್ಲ. ಬೇಡದ್ದನ್ನು ಮೊದಲು ಹೇಳಿದೆ.

ಶಿವಮೊಗ್ಗದಿಂದ, 8.50

ಮೇಷ್ಟ್ರು ಅರ್ಧ ದಾರಿಗೇ ನಿಂತುಬಿಟ್ಟರು. ಕರಾಳ ಒಂದು ಹೋದರೆ ಸಾಲದು. ಅಪರಾಧ, ರಹಸ್ಯ, ಕಥೆ, ಪತ್ತೇದಾರ, ಇವೆಲ್ಲ ಹೊರಗಿನವು. ತಮಿಳರು ‘ತುಪ್ಪರಿಯುಂ’ ಅಂತ ತಮ್ಮದೇ ಪದ ಇಟ್ಟುಕೊಂಡು ನೂರಾರು ಕಾದಂಬರಿ ಓದಲಿಲ್ಲವೇ? ನಮಗೆ ‘ಬೇಹು’ ಇದೆ, ‘ಸುಳಿವು’ ಇದೆ, ‘ಜಾಡು’ ಇದೆ. ಡಿಟೆಕ್ಟಿವ್ ಅಂದರೆ ‘ಜಾಡುಗಾರ’. ಸಾಲಿನ ಹೆಸರು ‘ಕಗ್ಗೊಲೆಗತೆಗಳು’. ಏಳೇ ಅಕ್ಷರ. ಮುಗೀತು.

ತುಮಕೂರಿನಿಂದ, 9.05

‘ಪತ್ತೇದಾರಿ’ಯನ್ನು ಯಾಕೆ ಬಿಡಬೇಕು? ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರರಾದ ಪುರುಷೋತ್ತಮ, ಅರಿಂಜಯ, ಮಧುಸೂದನರ ಹಿಂದೆ ಓಡಿಯೇ ನಾನು ಕನ್ನಡ ಓದೋದು ಕಲಿತದ್ದು. ಬಾಡಿಗೆಗೆ ತಂದ ಪುಸ್ತಕ, ಕೊನೆಯ ಹಾಳೆ ಯಾವಾಗಲೂ ಹರಿದಿರೋದು. ಕೊಲೆಗಾರ ಯಾರು ಅಂತ ಅಂಗಡಿಯವನನ್ನೇ ಕೇಳಬೇಕಿತ್ತು.

ಅಲ್ಲದೆ ಇದು ಅಚ್ಚಗನ್ನಡದ ಪದವೇ. ಪತ್ತೆ + ದಾರಿ. ಪತ್ತೆ ಮಾಡುವ ದಾರಿ ಯಾವುದೋ ಅದು ಪತ್ತೇದಾರಿ. ಎಷ್ಟು ಚೆನ್ನಾಗಿದೆ ಅಲ್ವಾ?

ಮೈಸೂರಿನಿಂದ, 9.07

ಅಲ್ಲ.

ತುಮಕೂರಿನಿಂದ, 9.09

ಯಾಕೆ ಅಲ್ಲ ಅಂತ ಹೇಳಿ ಸಾರ್. ಸುಮ್ನೆ ‘ಅಲ್ಲ’ ಅಂದರೆ ಹೇಗೆ?

ಮೈಸೂರಿನಿಂದ, 9.32

‘ಪತ್ತೆ’ ಹಿಂದುಸ್ತಾನಿಯ ‘ಪತಾ’. ‘ದಾರ’ ಪಾರಸಿ. ಜಮೀನ್ದಾರ, ಹವಾಲ್ದಾರ, ತಹಸೀಲ್ದಾರರ ಜೊತೆ ಬಂದ ದಾರ. ಜಮೀನ್ದಾರನದು ಜಮೀನ್ದಾರಿ, ಪತ್ತೇದಾರನದು ಪತ್ತೇದಾರಿ. ಅಲ್ಲಿ ನಡೆಯುವ ದಾರಿಯೂ ಇಲ್ಲ, ಹೊಲಿಯುವ ದಾರವೂ ಇಲ್ಲ. ಆದರೆ ಆ ‘ದಾರ’ವನ್ನು ನಾವು ಗುತ್ತಿಗೆಗೆ, ಪಾಲಿಗೆ, ಬಾಡಿಗೆಗೆ ಅಂಟಿಸಿಕೊಂಡು ಎಷ್ಟೋ ಕಾಲವಾಯಿತು. ಪಾಲುದಾರ ಅನ್ನುವಾಗ ಯಾರಿಗೂ ನಾಲಿಗೆ ತೊಡರುವುದಿಲ್ಲ. ಹಾಗಾಗಿ ಇರಲಿ ಬಿಡಿ.

ಇನ್ನು ಶಿವಮೊಗ್ಗದವರಿಗೆ. ‘ಕಥೆ’ ಹೊರಗಿನದು ಅಂತ ಮುಂಬಾಗಿಲಿನಿಂದ ತಳ್ಳಿದಿರಿ. ಹಿಂಬಾಗಿಲಿನಿಂದ ‘ಗತೆ’ ಅಂತ ಅದನ್ನೇ ಕರೆದುಕೊಂಡು ಬಂದಿರಿ. ‘ಗಾರ’ವೂ ಸಂಸ್ಕೃತದ ‘ಕಾರ’ದ ತದ್ಭವ ಅಂತಲೇ ನಾವು ಓದಿದ್ದು. ನಿಮ್ಮ ಜಾಡುಗಾರನಲ್ಲಿ ಈಗ ಉಳಿದದ್ದು ಜಾಡು ಮಾತ್ರ.

ಮತ್ತೊಂದು. ಆ ಎರಡು ಸರಣಿಗಳ ಹೆಂಗಸನ್ನು ‘ಪತ್ತೇದಾರಿ’ ಅನ್ನಬೇಡಿ. ಅದು ಸ್ತ್ರೀಲಿಂಗವಲ್ಲ, ಕೆಲಸದ ಹೆಸರು. ‘ಪತ್ತೇದಾರಿಣಿ’ ಅಂದರೂ ನನಗೆ ನಗು ಬರುತ್ತದೆ. ‘ಪತ್ತೇದಾರರು’ ಅಂತ ಬಹುವಚನ ಹಾಕಿ, ಗೌರವವೂ ಆಯಿತು, ಲಿಂಗದ ಜಗಳವೂ ತಪ್ಪಿತು.

ಓಸ್ಲೊದಿಂದ, ಭಾರತದ ಕಾಲಮಾನ 9.45

ನಮಸ್ಕಾರ್ರೀ. ನಾನು ಧಾರವಾಡದವಳು, ಇಲ್ಲಿ ಬಂದು ಒಂಬತ್ತು ವರ್ಷವಾಯಿತು. ಈ ಸಾಲಿಗೆ ‘ನೋರ್ಡಿಕ್ ನ್ವಾರ್’ ಅಂತ ಇಂಗ್ಲಿಷಿನವರು ಹೆಸರಿಟ್ಟಿದ್ದಾರೆ, ಯಾರಾದರೂ ಅದನ್ನೇ ತರುತ್ತಾರೆ ಅಂತ ಕಾಯುತ್ತಿದ್ದೆ. ತರಬೇಡಿ. ‘ನಾಯರ್’ ಅಂತ ಬರೆದು ಕೇರಳದ ಕಥೆ ಮಾಡಿಬಿಡುತ್ತಾರೆ.

‘ನ್ವಾರ್’ ಅಂದರೆ ಫ್ರೆಂಚಿನಲ್ಲಿ ಕಪ್ಪು, ಆ ಪದದಲ್ಲಿ ದೊಡ್ಡ ತತ್ವವೇನೂ ಇಲ್ಲ. ಪ್ಯಾರಿಸ್ಸಿನಲ್ಲಿ 1945ರಲ್ಲಿ ಶುರುವಾದ ಪತ್ತೇದಾರಿ ಮಾಲೆಯೊಂದರ ಹೆಸರೇ ‘ಕಪ್ಪು ಮಾಲೆ’, ಅದರ ಹೊದಿಕೆಯೂ ಕಪ್ಪು. ಮರುವರ್ಷ ಅಲ್ಲಿನ ವಿಮರ್ಶಕರು ಅಮೆರಿಕದ ಕೆಲವು ಸಿನಿಮಾಗಳಿಗೂ ಅದೇ ಬಣ್ಣ ಹಚ್ಚಿದರು. ಇಟಲಿಯಲ್ಲಿ ಇಂಥ ಕಥೆಗೆ ‘ಹಳದಿ’ ಅಂತಲೇ ಹೆಸರು, ಯಾಕೆಂದರೆ 1929ರಲ್ಲಿ ಮಿಲಾನಿನ ಪ್ರಕಾಶಕರೊಬ್ಬರು ಹಳದಿ ಹೊದಿಕೆಯಲ್ಲಿ ತಂದರು. ಒಬ್ಬರಿಗೆ ಕಪ್ಪು, ಒಬ್ಬರಿಗೆ ಹಳದಿ. ಎಲ್ಲ ಬೈಂಡಿಂಗಿನ ಮಹಿಮೆ.

ಇಲ್ಲಿಯ ಜನ ದಿನಬಳಕೆಯಲ್ಲಿ ಅನ್ನೋದು ಬರೀ ‘ಕ್ರಿಮ್’. ಈಸ್ಟರ್ ರಜೆಗೆ ಗುಡ್ಡದ ಮೇಲಿನ ಮರದ ಮನೆಗೆ ಹೋಗಿ ಕೊಲೆ ಕಥೆ ಓದೋದು ನಾರ್ವೆಯವರ ಪದ್ಧತಿ, ಅದಕ್ಕೆ ‘ಪೋಸ್ಕೆಕ್ರಿಮ್’ ಅಂತ ಬೇರೆ ಹೆಸರೇ ಇದೆ. 1923ರ ಈಸ್ಟರ್ ಹೊತ್ತಿಗೆ ಪತ್ರಿಕೆಯ ಮುಖಪುಟದಲ್ಲಿ ‘ಬೆರ್ಗೆನ್ ರೈಲು ನಿನ್ನೆ ರಾತ್ರಿ ಲೂಟಿ’ ಅಂತ ಬಂತು. ಎಷ್ಟೋ ಜನ ನಿಜವೆಂದೇ ನಂಬಿದರು. ಅದು ಒಂದು ಕಾದಂಬರಿಯ ಜಾಹೀರಾತು! ಈಗ ಹಾಲಿನ ಡಬ್ಬಿಯ ಮೇಲೂ ಈಸ್ಟರಿಗೆ ಒಂದು ಪುಟ್ಟ ಕೊಲೆ ಕಥೆ ಅಚ್ಚಾಗಿರುತ್ತದೆ. ನನ್ನ ಮಗಳು ಹಾಲು ಬಗ್ಗಿಸಿಕೊಳ್ಳುತ್ತ ಓದಿ, ‘ಅಮ್ಮಾ, ತೋಟದವನೇ ಕೊಂದಿದ್ದು’ ಅಂತಾಳೆ.

‘ಟ್ರಬಲ್ಡ್’ ಬಗ್ಗೆ ಒಂದು ಮಾತು. ಸ್ವೀಡನ್ನಿನ ಒಂದು ಜೋಡಿ 1965ರಿಂದ 1975ರವರೆಗೆ ಹತ್ತು ಕಾದಂಬರಿ ಬರೆದರು. ಹತ್ತಕ್ಕೂ ಒಂದೇ ಅಡಿಬರಹ, ‘ಒಂದು ಅಪರಾಧದ ಕಾದಂಬರಿ’. ಈ ಬಗೆಯ ಪೊಲೀಸರಿಗೆಲ್ಲ ಮೂಲಪುರುಷ ಅವರ ನಾಯಕ. ಅವನಿಗೆ ದೊಡ್ಡ ದುರಂತವೇನೂ ಇಲ್ಲ. ಹೊಟ್ಟೆ ಸರಿಯಿಲ್ಲ, ಮನೆಯಲ್ಲಿ ಹೆಂಡತಿಯ ಜೊತೆ ಸರಿಯಿಲ್ಲ. ಹಾಗಾಗಿ ‘ನೊಂದ’, ‘ಬೆಂದ’ ಅಂತ ಭಾರಿ ಪದ ಹಾಕಬೇಡಿ. ಅವರು ಬೆಂದವರಲ್ಲ, ಸರಿಯಾಗಿ ಊಟ ಮಾಡದವರು.

ಶಿವಮೊಗ್ಗದಿಂದ, 10.02

ಅಕ್ಕಾವ್ರೆ, ನೀವೇ ನನ್ನ ಪರವಾಗಿ ಮಾತಾಡಿದಿರಿ. ಅವರು ಮನೆಮಾತಿನ ಪದ ಬಳಸುತ್ತಾರೆ. ನಾವು?

ಓಸ್ಲೊದಿಂದ, 10.06

‘ಕ್ರಿಮ್’ ಲ್ಯಾಟಿನ್‌ನಿಂದ ಬಂದದ್ದು ತಮ್ಮಾ.

ದಾವಣಗೆರೆಯಿಂದ, 10.40

ನಾನು ಭಾಷೆ ಓದಿದವನಲ್ಲ. ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ಸುಮ್ಮನೆ ಓದುತ್ತಿದ್ದೆ, ತಡೆಯಲಾಗಲಿಲ್ಲ.

ಠಾಣೆಯಲ್ಲಿ ಯಾರೂ ‘ಪತ್ತೇದಾರ’ ಅನ್ನುವುದಿಲ್ಲ. ತನಿಖೆ ಮಾಡುವವರು ಐಓ. ಕಳ್ಳರ ಹಿಂದೆ ಓಡುವವರು ಕ್ರೈಂ ಸ್ಟಾಫ್. ‘ಬೇಹು’ ಅಂದರೆ ನಮಗೆ ಇಂಟೆಲಿಜೆನ್ಸ್, ಅದು ಬೇರೆ ಇಲಾಖೆಯ ಹಾಗೆಯೇ. ಕೊಲೆ ಆದ ಜಾಗಕ್ಕೆ ಬೇಹುಗಾರ ಬರುವುದಿಲ್ಲ, ಮಹಜರು ಬರೆಯುವವನು ಬರುತ್ತಾನೆ. ಶಿವಮೊಗ್ಗದ ಸಾಹೇಬರು ಹೊರಗಿನ ಪದ ಬೇಡ ಅಂದರೆ ನಾನು ಮೂವತ್ತು ವರ್ಷ ಬರೆದದ್ದನ್ನೆಲ್ಲ ಅಳಿಸಬೇಕು. ಮಹಜರು, ಫಿರ್ಯಾದಿ, ಜಾಮೀನು, ಖೈದಿ, ಮುದ್ದೆಮಾಲು (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತು), ಯಾವುದು ನಮ್ಮದು? ಕೊಲೆ ಒಂದು ನಮ್ಮದು.

ನೀವು ಹೇಳುವ ಹಳೇ ಕೇಸಿಗೆ ನಮ್ಮಲ್ಲಿ ಹೆಸರಿದೆ. ದೂರು ಸುಳ್ಳು, ಇಲ್ಲವೇ ಸಾಕ್ಷಿ ಇಲ್ಲ ಅಂದರೆ ಬಿ ರಿಪೋರ್ಟ್, ಇದು ಪೇಪರಿನಲ್ಲಿ ಬರುತ್ತದೆ, ಎಲ್ಲರಿಗೂ ಗೊತ್ತು. ಅಪರಾಧ ನಡೆದಿದ್ದು ನಿಜ, ಮಾಡಿದವರು ಸಿಗಲಿಲ್ಲ ಅಂದರೆ ಸಿ ರಿಪೋರ್ಟ್. ಸಿ ಹಾಕಿದ ಕೇಸು ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಕೆಲವು ಅಧಿಕಾರಿಗಳ ತಲೆಯಲ್ಲಿ ಮಾತ್ರ ತಿನ್ನುವುದಿಲ್ಲ.

ಒಂದು ಬೇಸಿಗೆ ನಮ್ಮ ಸರಹದ್ದಿನ ಕೆರೆಯೊಂದರ ಹೂಳೆತ್ತುತ್ತಿದ್ದರು. ಜೆಸಿಬಿ ಬಕೆಟ್ಟಿಗೆ ಒಂದು ಸೈಕಲ್ ಸಿಕ್ಕಿತು. ತುಕ್ಕು ಹಿಡಿದು ಬಳ್ಳಿಯ ಹಾಗೆ ತಿರುಚಿಕೊಂಡಿತ್ತು, ಆದರೆ ಹಿಂದಿನ ಚಕ್ರಕ್ಕೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಹದಿನೆಂಟು ವರ್ಷದ ಹಿಂದಿನ ಕೊಲೆ. ಹೆಣ ಹೊಲದಲ್ಲಿ ಸಿಕ್ಕಿತ್ತು, ಸೈಕಲ್ ಸಿಕ್ಕಿರಲಿಲ್ಲ, ಸಿ ಹಾಕಿ ಮುಗಿಸಿದ್ದೆವು. ಊರವರು ಕೆರೆ ಏರಿ ಮೇಲೆ ಬಂದು ನಿಂತರು. ಯಾರದ್ದು ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ ಅಜ್ಜಿ ಮಾತ್ರ ‘ಹೂಳಲ್ಲಿದ್ದದ್ದನ್ನ ಯಾಕ್ ತೆಗ್ದ್ರಪ್ಪಾ’ ಅಂದಳು. ಆಗಿನ ಸಬ್ ಇನ್ಸ್‌ಪೆಕ್ಟರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಸುದ್ದಿ ಕೇಳಿ ಬಸ್ ಹತ್ತಿ ಬಂದರು. ಬೀಗವನ್ನೇ ನೋಡುತ್ತ, ‘ಇದರ ಕೀಲಿ ಸತ್ತವನ ಜೇಬಲ್ಲಿತ್ತು ಕಣಯ್ಯ, ಮುದ್ದೆಮಾಲಿಗೆ ನಾನೇ ಚೀಟಿ ಅಂಟಿಸಿದ್ದೆ’ ಅಂದರು. ಅವರ ಮನೆಯವರು ನನಗೆ ಹಿಂದೆಯೇ ಒಮ್ಮೆ ಹೇಳಿದ್ದರು: ‘ಆ ಸೈಕಲ್ ಕೇಸಲ್ಲಿ ಇವರು ನಿದ್ದೆಗೆಟ್ಟವರು.’

ಮೇಡಂ, ನಿಮ್ಮ ‘ಟ್ರಬಲ್ಡ್’ ಇದೇ ಇರಬೇಕು. ನಿದ್ದೆಗೆಟ್ಟ. ಇನ್ನೊಂದಕ್ಕೆ ‘ಊರೇ ಸೇರಿ ಹೂತಿಟ್ಟ ಗುಟ್ಟು’ ಅನ್ನಿ. ಆ ಅಜ್ಜಿಗೆ ಅರ್ಥವಾಗುತ್ತದೆ.

ಮೈಸೂರಿನಿಂದ, 11.05

ರೈಟರ್ ಸಾಹೇಬರೇ, ಇಷ್ಟು ಹೊತ್ತಿಗೆ ಪದ ಗೊತ್ತಿದ್ದವರೊಬ್ಬರು ಬಂದಿರಿ.

‘ಹೂತಿಟ್ಟ’ವನ್ನು ಯಾರೂ ‘ಹೂತುಹೋದ’ ಅಂತ ತಿದ್ದಬೇಡಿ. ಹೂತುಹೋದದ್ದು ತಾನಾಗಿ ಹೋದದ್ದು, ಮಳೆಗೆ, ಮರೆವಿಗೆ. ಹೂತಿಟ್ಟದ್ದರ ಹಿಂದೆ ಒಂದು ಕೈ ಇದೆ, ಮತ್ತೆ ‘ಇಟ್ಟ’ದ್ದರಿಂದ ಅದು ಇನ್ನೂ ಅಲ್ಲೇ ಇದೆ. ಇಡೀ ಕಥೆ ಆ ‘ಇಟ್ಟ’ದಲ್ಲೇ ಬಂತು. ಇಂಗ್ಲಿಷಿನ ‘ಬರೀಡ್’ಗೆ ಈ ಭಾಗ್ಯ ಇಲ್ಲ.

ಹೆಸರಿಗೆ ‘ಕಗ್ಗತ್ತಲ ಪತ್ತೇದಾರಿ’. ‘ಕಗ್ಗತ್ತಲೆ’ಯ ಮೊದಲ ತುಂಡು ‘ಕಗ್’, ಅದರ ಮೂಲ ‘ಕರಿದು’ (ಕಪ್ಪಾದದ್ದು) ಅಂತ ಕೆಲವರು, ‘ಕಡಿದು’ (ತೀವ್ರವಾದದ್ದು) ಅಂತ ಕೆಲವರು. ನಾನು ಕಡಿದಿನವನು. ಆದರೆ ಎರಡರಲ್ಲಿ ಯಾವುದಾದರೂ ಕೋರೆಹಲ್ಲಿಗಿಂತ ವಾಸಿ.

ಶಿವಮೊಗ್ಗದಿಂದ, 11.20

ಒಟ್ಟಿನಲ್ಲಿ ‘ಪತ್ತೇದಾರಿ’ ಉಳಿಯಿತು. ಠಾಣೆಯಲ್ಲಿ ಪಾರಸಿ ಇದೆ ಅಂತ ಮನೆಯ ಟೀವಿಯಲ್ಲೂ ಇರಬೇಕೆ? ಆಳಿದವರು ಬಿಟ್ಟುಹೋದ ಪದವನ್ನು ಕಾಪಾಡಿಕೊಳ್ಳಲು ನಮ್ಮಷ್ಟು ಉತ್ಸಾಹ ಇನ್ಯಾರಿಗೂ ಇಲ್ಲ. ನಾಳೆ ಯಾರಾದರೂ ‘ಸಿ ರಿಪೋರ್ಟ್ ಕಥೆಗಳು’ ಅಂದರೂ ಈ ಗುಂಪು ಚಪ್ಪಾಳೆ ತಟ್ಟುತ್ತದೆ.

ತುಮಕೂರಿನಿಂದ, 11.22

ಅದೂ ಚೆನ್ನಾಗಿದೆ!

ಮೈಸೂರಿನಿಂದ, 11.24

ಇಬ್ಬರೂ ಮಲಗಿ.

ಬೆಂಗಳೂರಿನಿಂದ, ಮಂಗಳವಾರ ಮಧ್ಯಾಹ್ನ 12.40

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಯೇ ಕಳಿಸಿಬಿಟ್ಟೆ. ಹೆಸರು ‘ಕಗ್ಗತ್ತಲ ಪತ್ತೇದಾರಿ’. ವಿವರಣೆ ‘ನಿದ್ದೆಗೆಟ್ಟ ಪೊಲೀಸರು, ಊರೇ ಸೇರಿ ಹೂತಿಟ್ಟ ಗುಟ್ಟುಗಳು’. ಪೊಲೀಸರು ಅಂದಿದ್ದರಿಂದ ಆ ಇಬ್ಬರು ಹೆಂಗಸರೂ ಅದರೊಳಗೇ ಸೇರಿದರು.

ಈಗ ಉತ್ತರ ಬಂತು. ವಿವರಣೆ ಹಾಗೇ ಒಪ್ಪಿದ್ದಾರೆ, ಒಂದಕ್ಷರವನ್ನೂ ಮುಟ್ಟಿಲ್ಲ. ಹೆಸರು ಮಾತ್ರ ಹಳೇ ಕಾಲದ್ದು ಅನ್ನಿಸಿತಂತೆ. ಅದನ್ನು ಕನ್ನಡ ಲಿಪಿಯಲ್ಲೇ ‘ಕ್ರೈಂ ಥ್ರಿಲ್ಲರ್’ ಮಾಡಿದ್ದಾರೆ.

ರೈಟರ್ ಸಾರ್, ಆ ಕೇಸು ಆಮೇಲೆ ಏನಾಯ್ತು?

ಮೈಸೂರಿನಿಂದ, 12.46

‘ಕ್ರೈಂ’ ಅಲ್ಲ, ‘ಕ್ರೈಮ್’. ಪದದ ಕೊನೆಯಲ್ಲಿ ಸೊನ್ನೆ ಹಾಕುವ ಈ ಚಾಳಿ ಎಲ್ಲಿಂದ ಬಂತೋ.

ದಾವಣಗೆರೆಯಿಂದ, 1.15

ಮೇಡಂ, ಮತ್ತೆ ತೆರೆದರು. ಕೀಲಿ ಬೀಗಕ್ಕೆ ಹೊಂದಿತು. ಆಮೇಲೆ ಮತ್ತೆ ಸಿ ರಿಪೋರ್ಟ್.