ಇಂಟರ್‌ವ್ಯೂಗೆ ಅಂತ ತಗೊಂಡ ಬ್ಲೇಜರ್‌ನ ದಿನಾ ಹಾಕ್ಕೊಳ್ಳೋದು ಹೇಗೆ?

ನೀಲಿಕೋಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಒಂದು ಇಂಟರ್‌ವ್ಯೂಗೆ ಅಂತ 3,200 ರೂಪಾಯಿ ಕೊಟ್ಟು ಕಡುನೀಲಿ ಬ್ಲೇಜರ್ ತಗೊಂಡೆ. ಕೆಲಸ ಸಿಕ್ತು, ಬ್ಲೇಜರ್ ಬೀರು ಸೇರ್ತು. ಅಲ್ಲಿಂದ ಇಲ್ಲಿವರೆಗೆ ನಾಲ್ಕು ಸಲ ಹಾಕಿದ್ದೀನಿ ಅಷ್ಟೇ.

ಈಗ ಯಾಕೆ ನೆನಪಾಯ್ತು ಅಂದ್ರೆ, ಆಫೀಸಲ್ಲಿ ನನ್ನ ಸೀಟು ಎಸಿ ಗಾಳಿ ನೇರ ಬೀಳೋ ಜಾಗಕ್ಕೆ ಬಂದಿದೆ. ಹನ್ನೊಂದು ಗಂಟೆ ಅಷ್ಟೊತ್ತಿಗೆ ಬೆರಳೆಲ್ಲ ತಣ್ಣಗಾಗಿಬಿಡುತ್ತೆ. ಶಾಲು ಹೊದ್ಕೊಂಡ್ರೆ ಟೈಪ್ ಮಾಡೋವಾಗ ಜಾರಿ ಕೀಬೋರ್ಡ್ ಮೇಲೆ ಬೀಳುತ್ತೆ. ಬ್ಲೇಜರ್ ಇದೆಯಲ್ಲ ಅಂತ ಹೋದ ಸೋಮವಾರ ಹಾಕ್ಕೊಂಡು ಹೋದೆ. ಲಿಫ್ಟಲ್ಲಿ ಇಬ್ಬರು, ಕ್ಯಾಂಟೀನಲ್ಲಿ ಒಬ್ಬರು, "ಏನ್ರೀ, ಬೇರೆ ಕಡೆ ಇಂಟರ್‌ವ್ಯೂನಾ?" ಅಂತ ಕೇಳಿದ್ರು. ಮಧ್ಯಾಹ್ನ ತೆಗೆದು ಕುರ್ಚಿ ಬೆನ್ನಿಗೆ ಹಾಕಿದೆ. ಮತ್ತೆ ಶಾಲೇ ಗತಿ.

ಅವತ್ತು ಹಾಕಿದ್ದು ಬಿಳಿ ಶರ್ಟು, ಕಪ್ಪು ಫಾರ್ಮಲ್ ಪ್ಯಾಂಟು, ಕಪ್ಪು ಬೆಲ್ಲಿ ಶೂ. ನನ್ನ ಹತ್ರ ಇರೋ ಬೇರೆ ಬಟ್ಟೆ ಅಂದ್ರೆ ಏಳೆಂಟು ಕಾಟನ್ ಕುರ್ತಾ, ಎರಡು ಜೀನ್ಸು, ಮೂರ್ನಾಲ್ಕು ಟೀ ಶರ್ಟು, ಅಮ್ಮ ಕೊಟ್ಟ ಒಂದು ಇಳಕಲ್ ಸೀರೆ. ಎತ್ತರ ಐದಡಿ ಎರಡಿಂಚು. ಮನೆಯಿಂದ ವಿಜಯನಗರ ಮೆಟ್ರೋವರೆಗೆ ಸ್ಕೂಟಿ, ಆಮೇಲೆ ಮೆಟ್ರೋ. ಲೇಬಲ್ ಮೇಲೆ 63% ಪಾಲಿಯೆಸ್ಟರ್, 33% ವಿಸ್ಕೋಸ್, 4% ಇಲಾಸ್ಟೇನ್ ಅಂತಿದೆ. ಹೊಸ ಬ್ಲೇಜರ್‌ಗೆ ದುಡ್ಡು ಹಾಕೋ ಮನಸ್ಸಿಲ್ಲ. ಇರೋದನ್ನೇ ಮಾಮೂಲಿ ಬಟ್ಟೆ ಥರ ಹಾಕೋಕೆ ಆಗುತ್ತಾ?

ನೇರಳೆಮಾರ್ಗ:

ಖಂಡಿತ ಆಗುತ್ತೆ. ಮೊದಲು ಆ ಕಪ್ಪು ಪ್ಯಾಂಟು, ಬೆಲ್ಲಿ ಎರಡನ್ನೂ ಬಿಡಿ. ಮೂರೂ ಫಾರ್ಮಲ್ ಇದ್ರೆ ಯಾರಿಗಾದ್ರೂ ಇಂಟರ್‌ವ್ಯೂನೇ ನೆನಪಾಗುತ್ತೆ. ಮಾಸಿದ ನೀಲಿ ಜೀನ್ಸು, ಬಿಳಿ ರೌಂಡ್ ನೆಕ್ ಟೀ ಶರ್ಟು, ಕ್ಯಾನ್ವಾಸ್ ಶೂ ಹಾಕಿ, ಗುಂಡಿ ಹಾಕದೆ ಬಿಟ್ಟು ಹೋಗಿ ನೋಡಿ. ನಾನು ವಾರಕ್ಕೆ ಎರಡು ದಿನ ಇದೇ ಥರ ಹೋಗ್ತೀನಿ, ಒಬ್ಬರೂ ಏನೂ ಕೇಳಿಲ್ಲ.

ಸೂಜಿದಾರ:

ತಂಗಿ, ನಾನು ಹದಿನಾಲ್ಕು ವರ್ಷ ಗಾರ್ಮೆಂಟ್ಸಲ್ಲಿ ಸ್ಯಾಂಪಲ್ ಟೈಲರ್ ಆಗಿದ್ದವಳು. ಅದರಲ್ಲಿ ಆರು ವರ್ಷ ಬರೀ ಜಾಕೆಟ್. ಈಗ ಮನೆ ಹತ್ರಾನೇ ಅಂಗಡಿ ಇಟ್ಕೊಂಡಿದ್ದೀನಿ. ನಿಮ್ಮ ಥರದ್ದೇ ಬ್ಲೇಜರ್ ತಿಂಗಳಿಗೆ ಮೂರ್ನಾಲ್ಕು ಬರುತ್ತೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೇಲೆ ಹೇಳಿರೋದು ಸರಿ. ಪ್ಯಾಂಟು ಬದಲಾಯಿಸಿದ್ರೆ ಅರ್ಧ ಕೆಲಸ ಆಗುತ್ತೆ. ಇನ್ನರ್ಧ ಕೋಟಿನ ಒಳಗಿದೆ. ನಿಮ್ಮ ಬ್ಲೇಜರ್‌ಗೆ ಆ ಬಿಗಿ ಬಂದಿರೋದು ಹೆಗಲಿಂದ. ಕನ್ನಡಿ ಮುಂದೆ ನಿಂತು ಹೆಗಲ ತುದೀನ ಎರಡು ಬೆರಳಲ್ಲಿ ಹಿಸುಕಿ ನೋಡಿ, ಒಳಗೆ ಅರ್ಧಚಂದ್ರದ ಥರ ದಪ್ಪಗೆ ಸಿಗುತ್ತೆ. ಅದೇ ಶೋಲ್ಡರ್ ಪ್ಯಾಡ್. ಐದಡಿ ಎರಡಿಂಚು ಇರೋರಿಗೆ ಅರ್ಧ ಇಂಚಿನ ಪ್ಯಾಡ್ ಬಂದ್ರೆ ಕುತ್ತಿಗೆ ಗಿಡ್ಡ ಕಾಣುತ್ತೆ, ಕೈ ಎತ್ತಿದ್ರೆ ಇಡೀ ಕೋಟು ಎದ್ದು ಕಿವಿ ಹತ್ರ ಬರುತ್ತೆ. ಕೂತು ಟೈಪ್ ಮಾಡೋಕೂ ಹಿಂಸೆ.

ಅದನ್ನ ತೆಗೆಯೋದು ಕಷ್ಟ ಏನಿಲ್ಲ. ಎರಡು ತೋಳನ್ನೂ ಒಳಗಿಂದ ಹೊರಗೆ ಮಗುಚಿ, ಲೈನಿಂಗಿನ ಉದ್ದ ಹೊಲಿಗೆ ಮೇಲೆ ಕೈಯಾಡಿಸಿ. ರೆಡಿಮೇಡಲ್ಲಿ ಹೆಚ್ಚಾಗಿ ಒಂದು ತೋಳಲ್ಲಿ ಮಾತ್ರ ಐದಾರು ಇಂಚು ಜಾಗದಲ್ಲಿ ಅಂಚಿನ ಮೇಲೇ ಮಷೀನ್ ಹೊಲಿಗೆ ಕಾಣುತ್ತೆ. ಕೋಟನ್ನ ಉಲ್ಟಾ ಹೊಲಿದು, ಆ ಬಾಯಿಂದಲೇ ಇಡೀ ಕೋಟನ್ನ ಎಳೆದು ಸೀದಾ ಮಾಡಿ, ಕೊನೆಗೆ ಬಾಯಿ ಮುಚ್ಚಿರ್ತಾರೆ. ನಾನೇ ಲೆಕ್ಕವಿಲ್ಲದಷ್ಟು ಮುಚ್ಚಿದ್ದೀನಿ. ಆ ಹೊಲಿಗೆ ಬಿಚ್ಚಿದ್ರೆ ಕೈ ಸೀದಾ ಹೆಗಲವರೆಗೆ ಹೋಗುತ್ತೆ. ಪ್ಯಾಡನ್ನ ತೋಳು ಕೂಡೋ ಅಂಚಿಗೆ ಒಂದು ಸಾಲು ದಾರದಲ್ಲಿ ಹಿಡಿದಿರ್ತಾರೆ, ಆ ದಾರ ಮಾತ್ರ ಕತ್ತರಿಸಿ. ತೋಳಿನ ಮುಖ್ಯ ಹೊಲಿಗೆಗೆ ಕತ್ತರಿ ತಾಗಬಾರದು. ಪಕ್ಕದಲ್ಲಿ ತೋಳಿನ ನೆತ್ತಿಗೆ ಒಂದು ಬೆರಳಗಲ ತೆಳ್ಳನೆ ಪಟ್ಟಿ ಇರುತ್ತೆ, ಅದನ್ನ ಹಾಗೇ ಬಿಡಿ. ತೋಳು ದುಂಡಗೆ ನಿಲ್ಲೋದು ಅದರಿಂದಲೇ.

ಮೊದಲು ಒಂದೇ ಹೆಗಲಿಂದ ತೆಗೀರಿ. ಹಾಕ್ಕೊಂಡು ಎರಡೂ ಕಡೆ ಹೋಲಿಸಿ. ತೆಗೆದ ಕಡೆ ಬಟ್ಟೆ ಇಳಿದು ಹೆಗಲ ಮುಂದೆ ಗುಳಿ ಬಿದ್ರೆ ಪೂರ್ತಿ ತೆಗೆಯೋದು ಬೇಡ ಅಂತ ಅರ್ಥ. ಹಳೇ ಟೀ ಶರ್ಟಿನ ಬಟ್ಟೇನ ಅದೇ ಆಕಾರಕ್ಕೆ ಎರಡು ಪದರ ಕತ್ತರಿಸಿ ಅಲ್ಲಿ ಹಿಡೀರಿ. ಅಂಗಡಿಯಲ್ಲಿ ಕಾಲು ಇಂಚಿನ ತೆಳು ಪ್ಯಾಡೂ ಸಿಗುತ್ತೆ.

ಆಮೇಲೆ ಗುಂಡಿ. ನಿಮ್ಮದಕ್ಕೆ ಹಿತ್ತಾಳೆ ಬಣ್ಣದ್ದೋ ಹೊಳೆಯೋ ಕಪ್ಪೋ ಇದ್ರೆ ತೆಗೆದು ತೆಂಗಿನ ಚಿಪ್ಪಿನ ಗುಂಡಿ ಹಾಕಿಸಿ. ಚಿಕ್ಕಪೇಟೆ ಕಡೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಹಳೇ ಗುಂಡಿ ಒಂದು ತಗೊಂಡು ಹೋಗಿ, ಇಲ್ಲಾಂದ್ರೆ ಕಾಜಾಗೆ ಹೊಂದಲ್ಲ. ಕಡುನೀಲಿ ಮೇಲೆ ಕಂದು ಗುಂಡಿ ಬಂದ ತಕ್ಷಣ ಯೂನಿಫಾರ್ಮ್ ಅನ್ನೋ ಭಾವನೆ ಹೋಗುತ್ತೆ. ನನ್ನ ಕೈಯಲ್ಲಿ ಅತಿ ಕಡಿಮೆ ಖರ್ಚಲ್ಲಿ ಅತಿ ಹೆಚ್ಚು ಬದಲಾದ ಬ್ಲೇಜರ್‌ಗಳು ಗುಂಡಿ ಬದಲಾಯಿಸಿದವೇ.

ತೋಳಿನ ಉದ್ದ ಮಣಿಕಟ್ಟಿನ ಮೂಳೆಗೆ ಬಂದು ನಿಲ್ಲಬೇಕು. ಅಂಗೈವರೆಗೆ ಬಂದಿದ್ರೆ ಮೊಳಕೈ ಕೆಳಗೆ ಎರಡು ಮಡಿಕೆ ಮಡಿಚಿ. ಲೈನಿಂಗ್ ಕಂಡ್ರೆ ಚೆಂದವೇ. ಹಿಂದೆ ಸೀಳಿನ ಹತ್ರ ಗುಣಾಕಾರ ಚಿಹ್ನೆ ಥರ ದಾರ ಇದ್ರೆ ಕತ್ತರಿಸಿಬಿಡಿ. ಅದು ಸಾಗಾಟದಲ್ಲಿ ಬಟ್ಟೆ ಕದಲಬಾರದು ಅಂತ ಹಾಕೋ ಕಚ್ಚಾ ಹೊಲಿಗೆ. ಎಷ್ಟೋ ಜನ ಅದನ್ನ ವರ್ಷಗಟ್ಟಲೆ ಹಾಗೇ ಹಾಕ್ಕೊಂಡಿರ್ತಾರೆ, ಕೂತಾಗ ಹಿಂದೆ ಎಳೆಯುತ್ತೆ. ಮುಚ್ಚಿರೋ ಜೇಬಿನ ದಾರಾನೂ ಬಿಚ್ಚಿ. ಮೆಟ್ರೋ ಕಾರ್ಡ್ ಇಡೋಕಾಗುತ್ತೆ.

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, ಬ್ಲೇಜರ್ ಹುಟ್ಟಿದ್ದೇ ಆಟದ ಬಟ್ಟೆಯಾಗಿ. 1825ರಲ್ಲಿ ಶುರುವಾದ ಕೇಂಬ್ರಿಡ್ಜಿನ ಒಂದು ದೋಣಿ ಕ್ಲಬ್ಬಿನ ಹುಡುಗರು ಹಾಕ್ತಿದ್ದ ಉರಿಗೆಂಪು ಕೋಟಿಂದಲೇ ಈ ಹೆಸರು ಬಂತು (ಬ್ಲೇಜ್ ಅಂದ್ರೆ ಉರಿ) ಅಂತ ನಮ್ಮ ಪ್ಯಾಟರ್ನ್ ಮಾಸ್ಟರ್ ಹೇಳ್ತಿದ್ರು. ಕಚೇರಿಯ ಬಿಗಿ ಆಮೇಲೆ ಸೇರ್ಕೊಂಡಿದ್ದು. 1970ರ ದಶಕದಲ್ಲಿ ಇಟಲಿಯ ಡಿಸೈನರ್ ಜಾರ್ಜಿಯೋ ಅರ್ಮಾನಿ ಕೋಟಿನ ಒಳಗಿನ ಕ್ಯಾನ್ವಾಸು, ಪ್ಯಾಡು, ಲೈನಿಂಗು ಕಡಿಮೆ ಮಾಡಿ ಅದು ಮೈ ಮೇಲೆ ಇಳಿಬೀಳೋ ಹಾಗೆ ಮಾಡಿ ಹೆಸರಾದ್ರು. ನಾವು ಸ್ಯಾಂಪಲ್ ಟೇಬಲ್ ಮೇಲೆ ಅಂಥ ಜಾಕೆಟ್ ಮೊದಲ ಸಲ ಕೈಗೆತ್ತಿಕೊಂಡಾಗ, ಹೆಗಲ ಹತ್ರ ಹಿಡಿದ್ರೆ ದುಪಟ್ಟಾ ಥರ ಮಡಚಿಕೊಂಡ್ತು. ನನಗಿನ್ನೂ ಕೈಯಲ್ಲಿ ಅದರ ನೆನಪಿದೆ.

ನಿಮ್ಮ ಕುರ್ತಾಗಳ ಬಗ್ಗೆ: ಬ್ಲೇಜರ್‌ಗಿಂತ ಎರಡಿಂಚು ಮಾತ್ರ ಕೆಳಗೆ ಬರೋ ಕುರ್ತಾ ಬೇಡ, ಒಳಂಗಿ ಇಣುಕಿದ ಹಾಗಿರುತ್ತೆ. ಕುರ್ತಾ ಒಂದೋ ಬ್ಲೇಜರ್ ಒಳಗೇ ಮುಗೀಬೇಕು, ಇಲ್ಲಾ ಒಂದು ಗೇಣಾದ್ರೂ ಕೆಳಗೆ ಇಳೀಬೇಕು. ಉದ್ದದ್ದಕ್ಕೆ ಪಕ್ಕದಲ್ಲಿ ಸೀಳಿರಲಿ, ತೋಳು ತೆಳ್ಳಗಿರಲಿ. ಅರಿಶಿನ ಬಣ್ಣ, ಇಟ್ಟಿಗೆ ಬಣ್ಣ, ಕೋರಾ ಬಿಳಿ, ಮೂರೂ ಕಡುನೀಲಿಗೆ ಒಪ್ಪುತ್ತೆ. ಕೆಳಗೆ ಕೊಲ್ಹಾಪುರಿ ಚಪ್ಪಲಿ ಸಾಕು.

ಇಸ್ತ್ರಿ ವಿಷಯದಲ್ಲಿ ಹುಷಾರು. ನಿಮ್ಮದು ಪಾಲಿಯೆಸ್ಟರ್, ವಿಸ್ಕೋಸ್ ಬೆರೆಸಿದ, ನಾವು ಟಿ.ಆರ್. ಅನ್ನೋ ಬಟ್ಟೆ. ಹೋದ ವರ್ಷ ಒಬ್ಬ ಹುಡುಗಿ ಬೂದು ಬಣ್ಣದ ಬ್ಲೇಜರ್ ತಂದಿದ್ಲು. ಯಾವುದೋ ಲಾಂಡ್ರಿಯಲ್ಲಿ ಬಿಸಿ ಇಸ್ತ್ರಿ ನೇರ ಇಟ್ಟು ಜೇಬಿನ ಮೇಲೆ ಪಳಪಳ ಹೊಳಪು ಬಂದುಬಿಟ್ಟಿತ್ತು. ಮೊದಲ ಸಂಬಳದಲ್ಲಿ ಕೊಂಡಿದ್ದಂತೆ. ಆವಿ ಕೊಟ್ಟೆ, ಬ್ರಷ್ ಮಾಡಿದೆ, ಹೋಗಲಿಲ್ಲ. ಬಹಳ ಬೇಜಾರಾಯ್ತು. ಮೇಲೆ ಒದ್ದೆ ಪಂಚೆ ಬಟ್ಟೆ ಹಾಸದೆ ಇಸ್ತ್ರಿ ಮುಟ್ಟಿಸಬೇಡಿ.

ಧಾರವಾಡದಾಕಿ:

ಸೂಜಿದಾರ ಅಕ್ಕಾರು ಹೇಳಿದ್ದು ಓದಿ ಭಾಳ ಖುಷಿ ಆತ್ರಿ. ನಾ ಕಾಲೇಜಿನ್ಯಾಗ ಪಾಠ ಮಾಡ್ತೀನಿ. ನಮ್ಮ ಕಡೆ ಏಪ್ರಿಲ್‌ನ್ಯಾಗ ಪಾಲಿಯೆಸ್ಟರ್ ಬ್ಲೇಜರ್ ಮೈಮ್ಯಾಲೆ ಇಡಾಕೂ ಆಗೂದಿಲ್ಲ. ಅದಕ್ಕ ನಾ ಗುಳೇದಗುಡ್ಡ ಖಣದ್ದು ಒಂದು ಹೊಲಿಸೇನಿ, ಒಳಗ ಅಸ್ತರ ಇಲ್ಲ, ಪ್ಯಾಡ್ ಇಲ್ಲ. ಖಣದ ಪನ್ನಾ ಸಣ್ಣದು, ಯಾಕಂದ್ರ ಅದು ಕುಪ್ಪಸಕ್ಕಂತ ನೇಯೂ ಅರಿವಿ. ಹಿಂಗಾಗಿ ಬೆನ್ನಿನ ನಡುವ ಜೋಡಣಿ ಹಾಕಲೇಬೇಕು. ನಮ್ಮ ಟೇಲರ್ ಆ ಜೋಡಣಿಯೊಳಗ ಬುಟ್ಟಾ ಕೂಡುವಂಗ ಹೊಲದು ಕೊಟ್ಟಾರ. ಕೋರಾ ಬಣ್ಣದ ಕಾಟನ್ ಸೀರಿ ಮ್ಯಾಲೆ ಹಾಕ್ಕೊಂಡು ಹೋದ್ರ ಹುಡುಗ್ಯಾರೆಲ್ಲಾ ಹತ್ರ ಬಂದು ಮುಟ್ಟಿ ನೋಡ್ತಾರ.

ನಿಮ್ಮ ಇಳಕಲ್ ಸೀರಿ ಅದ ಅಂದ್ರಲ್ಲ, ಅದರ ಮ್ಯಾಲೆ ನೀಲಿ ಬ್ಲೇಜರ್ ಹಾಕ್ರಿ. ಸೆರಗು ಒಳಗ ಮುಚ್ಚಬ್ಯಾಡ್ರಿ. ಸೆರಗಿನ ಮ್ಯಾಲಿನ ಟೋಪಿ ತೆನಿ ನಕ್ಷಿ ಕಾಣಲಿಲ್ಲಂದ್ರ ಇಳಕಲ್ ಉಟ್ಟೇನು ಉಪಯೋಗ? ಬ್ಲೇಜರ್ ಮೊದಲ ಹಾಕ್ಕೊಂಡು, ಸೆರಗು ಹೆಗಲ ಮ್ಯಾಲಿಂದ ತಂದು ಒಂದ ಪಿನ್ ಹಚ್ರಿ.

ಕಡಲಕರೆ:

ನಾನು ಉಡುಪಿ ಕಡೆಯವಳು, ಒಂದೇ ವಿಷಯ ಹೇಳಲಿಕ್ಕುಂಟು. ಮೂರು ವರ್ಷ ಬೀರುವಿನಲ್ಲಿ ಇದ್ದದ್ದು ಅಂದರೆ ಬಹುಶಃ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಇರಬೇಕು ಅಲ್ವಾ? ಅದನ್ನು ತೆಗೆದುಬಿಡಿ. ನಮ್ಮಲ್ಲಿ ಜೂನ್ ಬಂತೆಂದರೆ ಪ್ಲಾಸ್ಟಿಕ್ ಒಳಗೆ ತೇವ ಕೂತು ಕಾಲರಿನ ಅಡಿಯಲ್ಲಿ ಬೂಷ್ಟು ಬರುತ್ತದೆ. ನನ್ನದೊಂದು ಲಿನನ್ ಬ್ಲೇಜರ್ ಹಾಗೇ ಹಾಳಾಯಿತು. ಕಲೆ ಎಷ್ಟು ತೊಳೆದರೂ ಹೋಗಲಿಲ್ಲ. ಈಗ ಅಜ್ಜಿಯ ಹಳೆಯ ಹತ್ತಿ ಸೀರೆ ಹರಿದು ಚೀಲದ ಹಾಗೆ ಹೊಲಿದು ಅದರೊಳಗೆ ತೂಗುಹಾಕುತ್ತೇನೆ. ಹ್ಯಾಂಗರ್ ಅಗಲದ್ದೇ ಬೇಕು. ತಂತಿಯದ್ದಾದರೆ ಹೆಗಲಿನಲ್ಲಿ ಗುಬುಟು ಏಳುತ್ತದೆ. ಒಮ್ಮೆ ಹಾಕಿದ ಮೇಲೆ ರಾತ್ರಿ ಫ್ಯಾನಿನ ಅಡಿಯಲ್ಲಿ ಬೆವರು ಆರಲಿ, ಮತ್ತೆ ಒಳಗೆ ಇಡಿ.

ನೀಲಿಕೋಟು:

ಇಷ್ಟು ಪ್ರೀತಿಯಿಂದ ಬರೆದಿದ್ದೀರಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹೌದು, ಪ್ಲಾಸ್ಟಿಕ್ ಕವರಲ್ಲೇ ಇತ್ತು. ಸೂಜಿದಾರ ಅಕ್ಕ, ಎರಡು ಅನುಮಾನ. ಸ್ಕೂಟಿ ಮೇಲೆ ಹಾಕ್ಕೊಂಡೇ ಹೋಗಬಹುದಾ? ನನ್ನ ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗೆ ಹಾಕೋದು. ಇನ್ನೊಂದು, ಬ್ಲೇಜರ್‌ಗೆ ಎರಡು ಗುಂಡಿ ಇದೆ, ಹಾಕೋದಾದ್ರೆ ಯಾವುದನ್ನ ಹಾಕ್ಬೇಕು?

ಸೂಜಿದಾರ:

ಸ್ಕೂಟಿ ಮೇಲೆ ಬೇಡಮ್ಮ. ಹ್ಯಾಂಡಲ್ ಹಿಡಿಯೋಕೆ ಕೈ ಮುಂದೆ ಚಾಚಿದಾಗ ಬೆನ್ನಿನ ಅಡ್ಡ ಅಗಲ ಪೂರ್ತಿ ಎಳೆಯುತ್ತೆ, ಮೊದಲು ಬಿಟ್ಟುಕೊಳ್ಳೋದು ಕಂಕುಳ ಹಿಂದಿನ ಹೊಲಿಗೆ. ನನ್ನ ಹತ್ರ ಬರೋ ರಿಪೇರಿ ಬಹಳಷ್ಟು ಅದೇ ಜಾಗದ್ದು. ಬ್ಯಾಗ್ ಪಟ್ಟಿ ಉಜ್ಜಿ ಉಜ್ಜಿ ಹೆಗಲ ಮೇಲೆ ಜುಂಗೂ ಏಳುತ್ತೆ. ಒಳಮಗ್ಗುಲು ಹೊರಗೆ ಮಾಡಿ, ಒಂದು ಹೆಗಲನ್ನ ಇನ್ನೊಂದು ಹೆಗಲ ಒಳಗೆ ತೂರಿಸಿ, ಉದ್ದಕ್ಕೆ ಒಂದು ಮಡಿಕೆ, ಅಡ್ಡಕ್ಕೆ ಒಂದು ಸಡಿಲ ಮಡಿಕೆ ಹಾಕಿ ಬ್ಯಾಗಿನ ಮೇಲ್ಭಾಗದಲ್ಲಿ ಇಡಿ. ಆಫೀಸಲ್ಲಿ ತೆಗೆದು ಒಮ್ಮೆ ಕೊಡವಿದ್ರೆ ಟಿ.ಆರ್. ಬಟ್ಟೆ ತಾನೇ ಸರಿಹೋಗುತ್ತೆ. ಆ ಬಟ್ಟೆಯ ದೊಡ್ಡ ಗುಣ ಅದು.

ಗುಂಡಿ ಹಾಕೋದಾದ್ರೆ ಮೇಲಿನದು ಮಾತ್ರ. ಕೆಳಗಿನದನ್ನ ಹಾಕಿದ್ರೆ ಸೊಂಟದ ಹತ್ರ ಸುಕ್ಕು ಬೀಳುತ್ತೆ. ಎರಡು ಗುಂಡಿ ಕೋಟನ್ನ ಕತ್ತರಿಸೋದೇ ಕೆಳಗಿಂದು ಬಿಟ್ಟಿರ್ತಾರೆ ಅನ್ನೋ ಲೆಕ್ಕದಲ್ಲಿ.

ನೀಲಿಕೋಟು (ಎರಡು ವಾರದ ಮೇಲೆ):

ಅಪ್‌ಡೇಟ್ ಕೊಡಲೇಬೇಕು ಅನ್ನಿಸ್ತು. ಭಾನುವಾರ ಕೂತು ಪ್ಯಾಡ್ ತೆಗೆದೆ. ಅಕ್ಕ ಹೇಳಿದ ಆ ಐದಿಂಚು ಹೊಲಿಗೆ ಎಡ ತೋಳಲ್ಲಿ ಹಾಗೇ ಇತ್ತು! ಬಲ ಹೆಗಲು ಚೆನ್ನಾಗಿ ಕೂತ್ತು, ಎಡಗಡೆ ಸ್ವಲ್ಪ ಗುಳಿ ಬಿತ್ತು. ಬಹುಶಃ ವರ್ಷಗಟ್ಟಲೆ ಅದೇ ಹೆಗಲಿಗೆ ಬ್ಯಾಗ್ ನೇತುಹಾಕಿದ್ದಕ್ಕೆ ಆ ಕಡೆ ನನ್ನ ಹೆಗಲೇ ಇಳಿದಿದೆ. ಟೀ ಶರ್ಟ್ ಬಟ್ಟೆ ಎರಡು ಪದರ ಹಾಕಿ ಹಿಡಿದೆ, ಸರಿಹೋಯ್ತು. ಬಾಯಿ ಮುಚ್ಚಿದ ಕೈಹೊಲಿಗೆ ನೀಟಾಗಿಲ್ಲ, ಆದ್ರೆ ಒಳಗಿದೆ, ಕಾಣಲ್ಲ. ಗುಂಡಿ ಎಂಟು ಬೇಕಾಯ್ತು, ಮುಂದೆ ಎರಡು ದೊಡ್ಡವು, ತೋಳಿಗೆ ಮೂರು ಮೂರು.

ಬುಧವಾರ ಅರಿಶಿನ ಬಣ್ಣದ ಗಿಡ್ಡ ಕುರ್ತಾ, ಜೀನ್ಸು, ಕೊಲ್ಹಾಪುರಿ ಜೊತೆ ಹಾಕ್ಕೊಂಡು ಹೋದೆ. ಅದೇ ಲಿಫ್ಟು, ಅದೇ ಇಬ್ಬರು. ಒಬ್ಬರು ಊಟಕ್ಕೆ ಏನು ತಂದಿದ್ದೀರಿ ಅಂತ ಕೇಳಿದ್ರು. ಸಂಜೆ ಆರೂವರೆವರೆಗೂ ತೆಗೀಲೇ ಇಲ್ಲ, ಬೆರಳು ಬೆಚ್ಚಗಿತ್ತು. ಮುಂದಿನ ತಿಂಗಳು ಊರಲ್ಲಿ ಚಿಕ್ಕಮ್ಮನ ಮಗಳ ಎಂಗೇಜ್‌ಮೆಂಟ್ ಇದೆ, ಇಳಕಲ್ ಜೊತೆ ಅಲ್ಲಿ ಹಾಕ್ತೀನಿ. ಧಾರವಾಡದ ಮೇಡಂ, ಸೆರಗಿನ ಪಿನ್ ಬ್ಲೇಜರ್ ಬಟ್ಟೆಗೆ ಸೇರಿಸಿ ಚುಚ್ಚಬೇಕಾ, ಬ್ಲೌಸಿಗಾ?

ಧಾರವಾಡದಾಕಿ:

ಬ್ಲೇಜರ್‌ಗೇ ಚುಚ್ಚ್ರಿ, ಆದ್ರ ಕಾಲರ್ ಕೆಳಗ, ಒಳ ಮಗ್ಗಲದಿಂದ. ಪಿನ್ನಿನ ಮ್ಯಾಲೆ ಒಂದು ಸಣ್ಣ ಮಣಿ ಏರಿಸ್ರಿ, ಅಂದ್ರ ಸೀರಿ ಎಳಿ ಪಿನ್ನಿನ ಸುತ್ತಿನ್ಯಾಗ ಸಿಕ್ಕೊಂಡು ಹರಿಯೂದಿಲ್ಲ.