ಮೂರು ಮುಲಾಮು: 14, 12, 11. ಮೊದಲನೆಯದು ಗೆದ್ದಿತಾ?

ಪ್ರಶ್ನೆ: ರಾಯಚೂರಿನಲ್ಲಿ ಚರ್ಮರೋಗ ಪಿಜಿ ಮಾಡುತ್ತಿದ್ದೇನೆ ಸರ್. ಥೀಸಿಸ್‌ಗೆ ಹುಳುಕಡ್ಡಿಯ ಮೂರು ಮುಲಾಮು ಹೋಲಿಸಿದೆ. ತಲಾ 20 ರೋಗಿಗಳು. ನಾಲ್ಕು ವಾರದಲ್ಲಿ ವಾಸಿಯಾದವರು 14, 12, 11. ಪಿ ವ್ಯಾಲ್ಯೂ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಬರುವ ಸಂಭವ) 0.05ರ ಒಳಗೆ ಬರಲಿಲ್ಲ. ಆದರೂ ಮೊದಲನೆಯದು ಬೆಸ್ಟ್ ಅಂತ ಬರೆಯಬಹುದಾ?

ಉತ್ತರ (ಸಂಖ್ಯಾಶಾಸ್ತ್ರಜ್ಞ, ಬಳ್ಳಾರಿ): ಬೇಡ. ಮೂರು ಟ್ಯೂಬಿನಲ್ಲೂ ಒಂದೇ ಔಷಧ ಇತ್ತು ಅಂದುಕೊಳ್ಳಿ. ನೂರಕ್ಕೆ 60 ಜನ ವಾಸಿಯಾಗುತ್ತಾರೆ. ಆಗಲೂ ಇಪ್ಪತ್ತಿಪ್ಪತ್ತು ಜನರ ಮೂರು ಗುಂಪಿನಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಸರಾಸರಿ 3-4 ಜನರ ಅಂತರ ಬರುತ್ತದೆ, ಸುಮ್ನೆ ಅದೃಷ್ಟದಿಂದ. ನಿಮ್ಮದು 3. ಇನ್ನೊಂದು ವಿಷಯ, ಗೆದ್ದದ್ದನ್ನು ಆರಿಸಿದಾಗ ಅದರ ಅದೃಷ್ಟವೂ ಜೊತೆಗೆ ಬರುತ್ತದೆ. ಆ 70 ಪರ್ಸೆಂಟ್ ಮುಂದಿನ ರೋಗಿಗಳಲ್ಲಿ ಇಳಿಯುವ ಸಾಧ್ಯತೆಯೇ ಜಾಸ್ತಿ.

ಆದರೆ 'ವ್ಯತ್ಯಾಸ ಇದೆಯಾ' ಅನ್ನುವುದು ಒಂದು ಪ್ರಶ್ನೆ, 'ಯಾವುದನ್ನು ಆರಿಸಲಿ' ಅನ್ನುವುದು ಬೇರೆ. ಪಿ ವ್ಯಾಲ್ಯೂ ಮೊದಲ ಪ್ರಶ್ನೆಗೆ ಮಾತ್ರ. ಎರಡನೆಯದಕ್ಕೆ 1954ರಲ್ಲಿ ಬೆಕೋಫರ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ದಾರಿ ತೋರಿಸಿದರು: ಎಷ್ಟು ವ್ಯತ್ಯಾಸ ನಿಮಗೆ ಮುಖ್ಯ ಅಂತ ಮೊದಲೇ ಹೇಳಿ, ಸರಿಯಾದದ್ದನ್ನೇ ಆರಿಸುವ ಭರವಸೆ ಎಷ್ಟು ಬೇಕು ಅಂತಲೂ ಹೇಳಿ, ಆಮೇಲೆ ರೋಗಿಗಳ ಸಂಖ್ಯೆ ಗೊತ್ತುಮಾಡಿ. ಒಂದು ಮುಲಾಮು ಉಳಿದೆರಡಕ್ಕಿಂತ ನೂರಕ್ಕೆ 15 ಮೇಲಿದ್ದರೆ, ಅದು ನೂರಕ್ಕೆ 90 ಸಲ ಮೊದಲು ಬರಲು ತಲಾ ಸುಮಾರು 55 ಜನ ಸಾಕು. ಅಷ್ಟೇ ವ್ಯತ್ಯಾಸವನ್ನು ಎರಡೇ ಗುಂಪಿನಲ್ಲಿ ಪಿ ವ್ಯಾಲ್ಯೂ ಇಟ್ಟು ಸಾಬೀತು ಮಾಡಲು ಹೊರಟರೆ, ನೂರಕ್ಕೆ 80 ಸಲ ಯಶಸ್ವಿಯಾಗಲೂ ತಲಾ ಸುಮಾರು 170 ಬೇಕು.

ಒಂದನ್ನೇ ಆರಿಸಬೇಕು ಅಂತಲೂ ಇಲ್ಲ. ಬೆಸ್ಟ್ ಇರುವಂಥ ಮುಲಾಮುಗಳ ಒಂದು ಚಿಕ್ಕ ಗುಂಪನ್ನು ಉಳಿಸಿಕೊಳ್ಳುವ ವಿಧಾನವನ್ನು ಭಾರತದಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಶಾಂತಿ ಗುಪ್ತಾ ಕೊಟ್ಟರು. ಆ ಲೆಕ್ಕದಲ್ಲಿ ನಿಮ್ಮ ಮೂರೂ ಉಳಿಯುತ್ತವೆ. ಥೀಸಿಸ್‌ನಲ್ಲಿ ಹಾಗೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಅಂದಹಾಗೆ, ಯಾರಿಗೆ ಯಾವ ಮುಲಾಮು ಅಂತ ಹೇಗೆ ಹಂಚಿದಿರಿ?

ಪ್ರಶ್ನೆ: ಸೋಮವಾರ ಒಪಿಡಿಗೆ ಬಂದವರಿಗೆ ಮೊದಲನೆಯದು, ಬುಧವಾರ ಎರಡನೆಯದು, ಶುಕ್ರವಾರ ಮೂರನೆಯದು.

ಉತ್ತರ: ಅಯ್ಯೋ, ಇದನ್ನೇ ಮೊದಲು ಕೇಳಬೇಕಿತ್ತು! ಸಂತೆ ದಿನ ಹಳ್ಳಿಯವರೇ ಜಾಸ್ತಿ ಬರುತ್ತಾರೆ ಅಲ್ವಾ? ಸಿಂಧನೂರು ಕಡೆ ಭತ್ತದ ನಾಟಿಗೆ ದಿನವಿಡೀ ನೀರಲ್ಲಿ ನಿಂತು, ಒದ್ದೆ ಬಟ್ಟೆಯಲ್ಲೇ ಮನೆಗೆ ಹೋಗುವವರ ಹುಳುಕಡ್ಡಿಯೂ ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರುವವರದ್ದೂ ಒಂದೇ ಥರ ವಾಸಿಯಾಗಲ್ಲ. ಗೆದ್ದದ್ದು ಮುಲಾಮೋ, ಸೋಮವಾರವೋ? ಯಾವ ಸೂತ್ರವೂ ಇದನ್ನು ಬಿಡಿಸಲಾರದು. ಈ ಮಿತಿಯನ್ನೂ ಬರೆಯಿರಿ. ಮುಂದಿನ ಸಲ ಕಂಪ್ಯೂಟರ್ ಕೊಟ್ಟ ಕ್ರಮದಲ್ಲಿ ಚೀಟಿ ಹಾಕಿ, ಲಕೋಟೆ ಅಂಟಿಸಿ, ರೋಗಿ ಒಪ್ಪಿದ ಮೇಲೇ ಒಡೆಯಿರಿ.

ಪ್ರಶ್ನೆ: 60 ಲಕೋಟೆ ಸಾಕಾ ಸರ್?

ಉತ್ತರ: 165 ತನ್ನಿ.